ಎಲ್ಲ ಮರೆತ ಪೆಟ್ಟಿಗೆ

ಗಂಗುಲಪ್ಪ ಹುಟ್ಟಿದ್ದು ದೇವರಾಯಸಮುದ್ರದಲ್ಲಿ. ಹೆದ್ದಾರಿಯ ಪಕ್ಕ ಸಾಲಾಗಿ ನಿಂತಿದ್ದ ಟೆಲಿಗ್ರಾಫ್ ಕಂಬಗಳು ಗಾಳಿ ಎದ್ದ ದಿನ ಹಾಡುತ್ತಿದ್ದವು. ಕೆರೆಯಂಗಳದಲ್ಲಿ ಎಮ್ಮೆ ಬಿಟ್ಟು ಬಂದು ಅವನು ಕಂಬಕ್ಕೆ ಕಿವಿಯೊತ್ತಿ ನಿಲ್ಲುತ್ತಿದ್ದ. ಒಳಗೆ ಗುಂಯ್ ಎನ್ನುವ ಒಂದು ನಾದ. ಮದರಾಸಿನವರು ಬೆಂಗಳೂರಿನವರ ಜೊತೆ ಆಡುತ್ತಿರುವ ಮಾತೇ ಅದು, ಇನ್ನಷ್ಟು ಗಟ್ಟಿಯಾಗಿ ಕಿವಿಯೊತ್ತಿದರೆ ಅರ್ಥವಾಗುತ್ತದೆ ಎಂದುಕೊಂಡಿದ್ದ. ಇಪ್ಪತ್ತೆರಡನೆಯ ವಯಸ್ಸಿಗೆ ಟೆಲಿಫೋನ್ ಇಲಾಖೆ ಸೇರಿದ ಮೇಲೆ ಹಿರಿಯ ಲೈನ್‌ಮನ್ ಒಬ್ಬರು, ಅದು ಮಾತಲ್ಲ, ತಂತಿಗೆ ಗಾಳಿ ತಾಗುವ ಸದ್ದು ಎಂದು ತಿಳಿಸಿಕೊಟ್ಟರು. ಗಂಗುಲಪ್ಪ ತಲೆಯಾಡಿಸಿದ. ಆದರೆ ಪೂರ್ತಿ ನಂಬಲಿಲ್ಲ.

ಮೂವತ್ತೆಂಟು ವರ್ಷ ಅವನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ತಂತಿ ಎಳೆದ. ರಿಸೀವರ್ ಕಿವಿಗಿಟ್ಟರೆ ಸಾಕು, ಊರಿನ ಯಾವ ಮೂಲೆಯಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಿದ್ದ. ಕರಕರ ಎಂದರೆ ಜಾಯಿಂಟಿಗೆ ನೀರು ಇಳಿದಿದೆ. ಸದ್ದು ಅಲೆಅಲೆಯಾಗಿ ಏರಿ ಇಳಿದರೆ ಎಲ್ಲೋ ಹುಣಸೆ ಕೊಂಬೆ ತಂತಿಯ ಮೇಲೆ ಓಲಾಡುತ್ತಿದೆ. ಹೊಸ ಎಂಜಿನಿಯರುಗಳು ಮೀಟರು ಹಿಡಿದು ಬರುವ ಹೊತ್ತಿಗೆ ಅವನು ಸೈಕಲ್ ತುಳಿದುಕೊಂಡು ಹೋಗಿ ಆ ಮರದ ಕೆಳಗೆ ನಿಂತಿರುತ್ತಿದ್ದ.

ಅವನಿಗೊಂದು ರೂಢಿಯಿತ್ತು. ಯಾವ ಮನೆಗೆ ಫೋನ್ ಹಾಕಿದರೂ ಗೋಡೆಗೆ ಬಡಿಯುವ ಮರದ ಹಲಗೆಯ ಹಿಂಬದಿಗೆ ಪೆನ್ಸಿಲಿನಿಂದ ತಾರೀಕು, ಲೈನಿನ ನಂಬರು, ಯಾವ ಕಂಬದಿಂದ ತಂದದ್ದು ಎಂದು ಬರೆದು ಆಮೇಲೆ ತಿರುಪು ಬಿಗಿಯುತ್ತಿದ್ದ. ಆಫೀಸಿನ ರಿಜಿಸ್ಟರು ಗೆದ್ದಲು ತಿಂದರೂ, ಮುಂದೆ ಬರುವ ಯಾವನೋ ಲೈನ್‌ಮನ್‌ಗೆ ಕಷ್ಟವಾಗಬಾರದು ಎಂದು. ಯಾರೂ ಯಾವತ್ತೂ ಆ ಹಲಗೆಗಳನ್ನು ಬಿಚ್ಚಿ ನೋಡಲಿಲ್ಲ. ಅವನು ಬರೆಯುವುದನ್ನೂ ಬಿಡಲಿಲ್ಲ.

ಯಲ್ದೂರಿನ ದೊಡ್ಡವೆಂಕಟಪ್ಪನ ಮನೆಗೆ ಫೋನ್ ಬಂದದ್ದು ತೊಂಬತ್ತನಾಲ್ಕರಲ್ಲಿ. ಮಾವಿನ ತೋಟದ ಮನೆ. ಆ ಬೀದಿಗೆ ಅದೇ ಮೊದಲ ಫೋನು. ಗಂಗುಲಪ್ಪ ಮನೆಯೆದುರಿನ ಕಬ್ಬಿಣದ ಕಂಬ ಹತ್ತಿ ತಂತಿ ಬಿಗಿಯುತ್ತಿದ್ದಾಗ ಕೆಳಗೆ ದೊಡ್ಡವೆಂಕಟಪ್ಪನ ಆರು ವರ್ಷದ ಮಗು ನಿಂತು ನೋಡುತ್ತಿತ್ತು. ಹೆಸರು ಶ್ರೀವಾಣಿ. ಹೆಸರಿಟ್ಟಾಗ ಗೊತ್ತಿರಲಿಲ್ಲ, ಮಗುವಿಗೆ ಕಿವಿ ಕೇಳುವುದಿಲ್ಲ ಎಂದು. ಒಳಗೆ ಫೋನಿಗೆ ಕುಂಕುಮವಿಟ್ಟು, ಎಕ್ಸ್‌ಚೇಂಜಿನಿಂದ ಮೊದಲ ಕರೆ ಬಂದಾಗ ಮನೆಮಂದಿಯೆಲ್ಲ ನಗುತ್ತ ಓಡಿಬಂದರು. ಮಗು ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡುವೆ ನಿಂತಿತ್ತು. ಇಡೀ ಮನೆಗೆ ಬೇಕಾದದ್ದನ್ನು ತಂದು, ಈ ಒಂದು ಜೀವವನ್ನು ಬೇಕೆಂದೇ ಹೊರಗಿಟ್ಟ ಹಾಗೆ ಗಂಗುಲಪ್ಪನಿಗೆ ಅನ್ನಿಸಿತು.

ಸಲಕರಣೆ ಕಟ್ಟಿಕೊಂಡು ಹೊರಗೆ ಬಂದರೆ ಮಗು ಕಂಬವನ್ನು ಎರಡೂ ಕೈಯಿಂದ ತಬ್ಬಿ, ಕೆನ್ನೆಯೊತ್ತಿ ನಿಂತಿದೆ. ಕಣ್ಣು ಮುಚ್ಚಿದೆ. ನಗುತ್ತಿದೆ. ಗಂಗುಲಪ್ಪ ಹತ್ತಿರ ಹೋಗಿ ತಾನೂ ಕಿವಿಯೊತ್ತಿದ. ಸಂಜೆಗಾಳಿಗೆ ಕಂಬ ಹಾಡುತ್ತಿತ್ತು. ಮಗು ಕಣ್ಣು ತೆರೆದು ಅವನನ್ನು ನೋಡಿತು. ನಿನಗೂ ಗೊತ್ತಾ ಇದು, ಎಂದು ಕೇಳುವಂತಿತ್ತು ಆ ನೋಟ.

ಕಾಲ ಸರಿಯಿತು. ನೆಲದೊಳಗೆ ಕೇಬಲ್ ಬಂದು ಮೇಲಿನ ತಂತಿಗಳು ಒಂದೊಂದಾಗಿ ಇಳಿದವು. ಶ್ರೀವಾಣಿ ಕೋಲಾರದ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತಳು. ಶ್ರೀನಿವಾಸಪುರದ ಪ್ರೆಸ್ಸಿನವರಿಗೆ ಮನೆಯಲ್ಲೇ ಕುಳಿತು ಲಗ್ನಪತ್ರಿಕೆಗಳನ್ನು ಜೋಡಿಸಿಕೊಡುತ್ತಿದ್ದಳು. ಆ ಕೆಲಸಕ್ಕೆಂದು ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ಮನೆಗೆ ಇಂಟರ್ನೆಟ್ ಹಾಕಿಸಿದರು. ಮೋಡೆಮ್ ಹಿಡಿದು ಬಂದವನು ಮುಳಬಾಗಿಲಿನ ನರೇಶ್, ಇಲಾಖೆಗೆ ಹೊಸದಾಗಿ ಸೇರಿದ ಹುಡುಗ. ಗಂಗುಲಪ್ಪ ಲೈನ್ ತೋರಿಸಲು ಜೊತೆಗೆ ಬಂದಿದ್ದ. ಕಡ್ಡಿಯಂಥ ಕೊಂಬು ಎತ್ತಿಕೊಂಡ ಬಿಳಿ ಪೆಟ್ಟಿಗೆ. ತಂತಿಯೇ ಇಲ್ಲದೆ ಮನೆಯೆಲ್ಲ ನೆಟ್ಟು ಸಿಗುತ್ತದಂತೆ. ನರೇಶ್ ಏನೇನೋ ಒತ್ತುತ್ತಿದ್ದಾಗ ಗಂಗುಲಪ್ಪ ಆ ಪೆಟ್ಟಿಗೆಗೆ ಮೆಲ್ಲಗೆ ಕಿವಿಯಿಟ್ಟು ನೋಡಿದ. ಏನೂ ಕೇಳಲಿಲ್ಲ. ಅವತ್ತಿನಿಂದ ಮೋಡೆಮ್ಮಿನ ದೂರು ಬಂದರೆ ನರೇಶನ ಕಡೆ ತೋರಿಸಿ ತಾನು ಎದ್ದು ಹೋಗುತ್ತಿದ್ದ.

ಆದರೆ ರೂಢಿ ಬಿಡಲಿಲ್ಲ. ನರೇಶನ ಕೈಯಲ್ಲಿದ್ದ ಚೀಟಿಯನ್ನು ಕೇಳಿ ತೆಗೆದುಕೊಂಡು, ಹಲಗೆ ಬಿಚ್ಚಿ, ತೊಂಬತ್ತನಾಲ್ಕರ ಬರಹದ ಕೆಳಗೆ ಅದರಲ್ಲಿದ್ದದ್ದನ್ನೆಲ್ಲ ನಕಲು ಮಾಡಿದ. ಕೊನೆಗೆ ಆ ಪೆಟ್ಟಿಗೆಗೆ ಇಡಲೆಂದು ಶ್ರೀವಾಣಿ ಟೈಪು ಮಾಡಿದ ಹೆಸರನ್ನೂ ಸ್ಕ್ರೀನಿನಿಂದ ನೋಡಿ ಬರೆದುಕೊಂಡ. ಇಂಗ್ಲಿಷ್ ಅಕ್ಷರಗಳು ಅವನಿಗೆ ಗೊತ್ತಿದ್ದವು. ಕೂಡಿಸಿ ಓದುವ ಅಭ್ಯಾಸವಿರಲಿಲ್ಲ. ರಂಗೋಲಿ ಹಾಕುವವರಂತೆ ಒಂದೊಂದನ್ನೂ ಬಿಡಿಸಿದ. ಮರದ ಮೇಲೆ ಪಾಸ್‌ವರ್ಡ್ ಬರೆಯುವವರನ್ನು ನರೇಶ್ ಅದೇ ಮೊದಲು ನೋಡಿದ್ದು. ವಾರವೆಲ್ಲ ಆಫೀಸಿನಲ್ಲಿ ಅದನ್ನೇ ಹೇಳಿಕೊಂಡು ನಕ್ಕ.

ಅದೇ ವರ್ಷದ ಆಯುಧಪೂಜೆ ಭಾನುವಾರ ಬಂತು. ಬುಧವಾರಕ್ಕೆ ಗಂಗುಲಪ್ಪನ ನಿವೃತ್ತಿ. ಮಧ್ಯಾಹ್ನ ಊಟ ಮುಗಿಸಿ, ಚೆಂಡುಹೂ ಕಟ್ಟಿದ್ದ ಮೊಪೆಡ್ಡಿನ ಪಕ್ಕ ಸುಮ್ಮನೆ ಕುಳಿತಿದ್ದಾಗ ಯಲ್ದೂರಿನಿಂದ ಫೋನ್ ಬಂತು. ಶ್ರೀವಾಣಿಯ ತಾಯಿ ಮುನಿಯಲ್ಲಮ್ಮ. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಣ್ಣಾ, ನೆಟ್ಟು ಹೋಗ್ಬಿಟ್ಟೈತೆ. ನಾಲ್ಕೂವರೆ ಒಳಗೆ ಬರ್ದೇ ಇದ್ರೆ ನನ್ ಮಗಳ ವಿಷ್ಯ ಅಲ್ಲಿಗೇ ಮುಗೀತು. ನಮ್ಮತ್ತೇಗ್ ಗೊತ್ತಾಗ್ಬಾರ್ದು, ಸುಮ್ನೆ ಬಂದೋಗೋ ಹಂಗೆ ಬಾ."

ವಿಷಯ ಇಷ್ಟು. ಶ್ರೀವಾಣಿಯ ಜೊತೆ ಕೋಲಾರದ ಶಾಲೆಯಲ್ಲಿ ಓದಿದ ಕದಿರೇಶ ಎಂಬ ಹುಡುಗ ಈಗ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ. ಅವನಿಗೂ ಕಿವಿ ಕೇಳುವುದಿಲ್ಲ. ನೆಟ್ಟು ಬಂದ ಮೇಲೆ ಇಬ್ಬರೂ ಭಾನುವಾರ ಭಾನುವಾರ ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕೈಮಾತು ಆಡಿಕೊಳ್ಳುತ್ತಿದ್ದರು. ಹುಡುಗ ಮಾಲೂರಿನ ಒಂದು ಇಂಟರ್ನೆಟ್ ಅಂಗಡಿಯಲ್ಲಿ ಕೂರುತ್ತಿದ್ದ. ಯುಗಾದಿ ಹೊತ್ತಿಗೆ ಇಬ್ಬರೂ ಮದುವೆಯಾಗುವ ಮನಸ್ಸು ಮಾಡಿದ್ದರು. ತಂದೆ ತಾಯಿಗೆ ಒಪ್ಪಿಗೆಯಿತ್ತು. ಅಜ್ಜಿ ಮುತ್ಯಾಲಮ್ಮನದೇ ತಕರಾರು. ಇಬ್ಬರಿಗೂ ಕೇಳದಿದ್ದರೆ ಮನೆಯೊಳಗೆ ಒಂದು ಮಾತಾದರೂ ಹೇಗೆ ಹುಟ್ಟುತ್ತದೆ ಎನ್ನುವುದು ಆಕೆಯ ಪ್ರಶ್ನೆ. ತಿಂಗಳುಗಟ್ಟಲೆ ಹೇಳಿದ ಮೇಲೆ, ಆಯುಧಪೂಜೆಯ ದಿನ ರಾಹುಕಾಲ ಹುಟ್ಟುವುದರೊಳಗೆ ಹುಡುಗನನ್ನು ಆ ಡಬ್ಬದಲ್ಲೇ ತೋರಿಸಿ, ನೋಡಿ ಹೇಳುತ್ತೇನೆ, ಅವತ್ತು ಆಗದಿದ್ದರೆ ಮತ್ತೆ ನನ್ನ ಮುಂದೆ ಈ ಸುದ್ದಿ ಎತ್ತಬೇಡಿ ಎಂದಿದ್ದಳು. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಹುಟ್ಟುತ್ತದೆ.

ಗಂಗುಲಪ್ಪ ಯಲ್ದೂರು ತಲುಪಿದಾಗ ಮೂರು ಗಂಟೆ. ಜಗುಲಿಯ ಬಿಸಿಲಲ್ಲಿ ಮುತ್ಯಾಲಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಯಾಕಪ್ಪ ಹಬ್ಬದ ದಿನ, ಎಂದು ಕೇಳಿದಳು. ಅವನು, ಊರಾಚೆ ಒಂದು ಜಾಯಿಂಟು ಸಡಿಲವಾಗಿದೆ, ಮನೆಯೊಳಗೊಮ್ಮೆ ನೋಡಿಹೋಗಲು ಬಂದೆ ಎಂದ. ಮೂವತ್ತೆಂಟು ವರ್ಷದಲ್ಲಿ ಒಂದು ದೋಷದ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು. ಕಿವಿ ಬಿಸಿಯಾಯಿತು.

ಫೋನಿನ ಮೂಲೆ ನಡುಮನೆಯ ಕತ್ತಲಲ್ಲಿತ್ತು. ರಿಸೀವರ್ ಎತ್ತಿ ಕೇಳಿದ. ಡಯಲ್ ಟೋನು ತೊಳೆದ ಹಾಗೆ ಸ್ವಚ್ಛವಾಗಿತ್ತು. ಅಂದರೆ ರೋಗ ಪೆಟ್ಟಿಗೆಯೊಳಗೇ. ಪೆಟ್ಟಿಗೆಯ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ. ದೀಪಗಳು ಉರಿಯುತ್ತಿದ್ದವು, ಒಂದನ್ನು ಬಿಟ್ಟು. ತಿರುಗಿಸಿ ನೋಡಿದರೆ ಹಿಂಬದಿಯ ಸಣ್ಣ ತೂತಿನಲ್ಲಿ ಊದುಬತ್ತಿಯ ಕಡ್ಡಿಯೊಂದು ಓರೆಯಾಗಿ ನಿಂತಿತ್ತು. ಉರಿದು ಮುಗಿದಿದ್ದ ಅದರ ಬೂದಿ ತಂತಿಗಳ ಮೇಲೆ ಉದುರಿತ್ತು.

ಮುನಿಯಲ್ಲಮ್ಮ ಪಿಸುಗುಟ್ಟಿದಳು. ಬೆಳಿಗ್ಗೆ ಅತ್ತೆಯೇ ಪೂಜೆ ಮಾಡಿದ್ದು. ಹೊಲಿಗೆ ಮಿಷನ್ನು, ಮಿಕ್ಸಿ, ಕುಡುಗೋಲು, ಈಳಿಗೆಮಣೆ, ಎಲ್ಲಕ್ಕೂ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಇದಕ್ಕೆ ಬರುವ ಹೊತ್ತಿಗೆ ಬಾಳೆಹಣ್ಣು ಮುಗಿದಿತ್ತು. ಈ ತೂತು ಊದುಬತ್ತಿಗೆಂದೇ ಬಿಟ್ಟಿದ್ದಾರೆ, ಕಂಪನಿಯವರಿಗೂ ದೈವಭಕ್ತಿ ಇದೆ ಎಂದು ಖುಷಿಪಟ್ಟು, ನಿಲ್ಲುವವರೆಗೂ ಒತ್ತಿ ಒತ್ತಿ ಸಿಕ್ಕಿಸಿದಳಂತೆ. ಪೂಜೆ ಮಾಡಿದ್ದಕ್ಕೇ ಕೆಟ್ಟಿತು ಎಂದು ತಿಳಿದರೆ, ಅಪಶಕುನ ಎಂದು ಎದ್ದು ಹೋಗುವವಳು ಆಕೆ.

ಗಂಗುಲಪ್ಪ ಕಡ್ಡಿಯನ್ನು ಎಳೆದು ತೆಗೆದು, ಆ ಫೋನಿನಿಂದಲೇ ನರೇಶನ ಮೊಬೈಲಿಗೆ ಕರೆ ಮಾಡಿದ. ನರೇಶ್ ಮುಳಬಾಗಿಲಿನಲ್ಲಿ ಹಬ್ಬದಲ್ಲಿದ್ದ.

"ಅಣ್ಣೋ, ಇನ್ನು ಮೂರು ದಿನ ಐತೆ ನಿನ್ಗೆ, ಸುಮ್ಕಿರಾಕ್ ಆಗಲ್ವಾ? ಹಿಂದ್ಗಡೆ ಸಣ್ಣ ತೂತಿರ್ತದೆ ನೋಡು. ಅದ್ಕೇನಾದ್ರೂ ಚುಚ್ಚಿದ್ರಾ?"

"ಊದುಬತ್ತಿ ಚುಚ್ಚವ್ರೆ."

ಆ ಕಡೆಯಿಂದ ನಗು ಬಂತು, ತಡೆದು ತಡೆದು.

"ಅದು ರೀಸೆಟ್ ಗುಂಡಿ ಅಣ್ಣ. ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ಮುಗೀತು, ಫ್ಯಾಕ್ಟರಿಯಿಂದ ಹೊಸದಾಗಿ ಬಂದಂಗೆ ಆಗೋಯ್ತದೆ. ಯಾವೂರು, ಯಾರ್ ಮನೆ, ಒಂದೂ ನೆನಪಿರಲ್ಲ ಅದ್ಕೆ."

ಕೆಟ್ಟಿಲ್ಲ ಎಂದು ಕೇಳಿ ಗಂಗುಲಪ್ಪನಿಗೆ ಉಸಿರು ಬಂತು. ಹಾಗೇ ಆ ಬಿಳಿ ಪೆಟ್ಟಿಗೆಯ ಮೇಲೆ ಮೊದಲ ಸಲ ಒಂದು ಬಗೆಯ ಮರುಕವೂ ಹುಟ್ಟಿತು. ಎಂಟು ತಿಂಗಳು ಈ ಮನೆಯ ಮೂಲೆಯಲ್ಲಿ ಉರಿದು, ಎರಡು ಜೀವಗಳ ಕೈಗಳನ್ನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಸಾಗಿಸಿ, ಒಂದು ಊದುಬತ್ತಿ ಉರಿಯುವಷ್ಟೂ ಹೊತ್ತು ಬೇಡದೆ ಅದೆಲ್ಲವನ್ನೂ ಮರೆತು ಕುಳಿತಿದೆ. ಬುಧವಾರ ಸಂಜೆ ಸಲಕರಣೆಯ ಚೀಲ ಒಪ್ಪಿಸಿ ಮನೆಗೆ ಬಂದರೆ ತಾನೂ ಹೀಗೇ ಆಗುತ್ತೇನೋ ಏನೋ.

ಎಲ್ಲವನ್ನೂ ಮತ್ತೆ ಹೇಳಿಕೊಡಬೇಕು ಎಂದ ನರೇಶ್. ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ, ಸ್ಕ್ರೀನಿನಲ್ಲಿ ಪೆಟ್ಟಿಗೆಯ ಪುಟ ತೆರೆದು, ಕನೆಕ್ಷನ್ನಿನ ಹೆಸರು, ಪಾಸ್‌ವರ್ಡು. ಆದರೆ ಆ ಚೀಟಿ ಇರುವುದು ಆಫೀಸಿನ ಬೀರುವಿನಲ್ಲಿ. ಬೀಗದ ಕೈ ಇರುವ ಗುಮಾಸ್ತರು ತಿರುಪತಿಗೆ ಹೋಗಿದ್ದಾರೆ. ಮಂಗಳವಾರದವರೆಗೆ ಏನೂ ಮಾಡುವಂತಿಲ್ಲ.

ಮುನಿಯಲ್ಲಮ್ಮ ಗೋಡೆಗೆ ಒರಗಿ ನಿಂತಳು. ಶ್ರೀವಾಣಿ ಹೊಸ ಸೀರೆಯಲ್ಲಿ ಮಡಚುವ ಕಂಪ್ಯೂಟರನ್ನು ಎದೆಗವಚಿಕೊಂಡು ಅವರಿಬ್ಬರ ಮುಖವನ್ನೂ ನೋಡುತ್ತಿದ್ದಳು. ಹದಿನೈದು ವರ್ಷದ ಹಿಂದೆ ಇದೇ ನಡುಮನೆಯಲ್ಲಿ, ಫೋನು ಮೊದಲು ಸದ್ದು ಮಾಡಿದಾಗ, ಎಲ್ಲರ ಮುಖಗಳನ್ನು ನೋಡುತ್ತ ನಿಂತಿದ್ದಳಲ್ಲ, ಅದೇ ನೋಟ.

ಗಂಗುಲಪ್ಪ ರಿಸೀವರನ್ನು ಸ್ಟೂಲಿನ ಮೇಲೆ ಮಲಗಿಸಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಹಲಗೆಯ ನಾಲ್ಕು ತಿರುಪುಗಳನ್ನು ಬಿಚ್ಚಿದ. ಹಲಗೆ ತಿರುಗಿಸಿ ಹಿಡಿದ. ತೊಂಬತ್ತನಾಲ್ಕರ ತಾರೀಕಿನ ಕೆಳಗೆ, ಜನವರಿಯ ಬರಹ ಹಾಗೇ ಇತ್ತು. ಶ್ರೀವಾಣಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ನಡೆದದ್ದು ಹೀಗೆ. ಮುಳಬಾಗಿಲಿನಿಂದ ನರೇಶ್ ಹೇಳುವುದು, ಗಂಗುಲಪ್ಪ ಒಂದು ಕಿವಿಯಲ್ಲಿ ಕೇಳಿಸಿಕೊಂಡು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು, ಶ್ರೀವಾಣಿ ಅದನ್ನು ಓದಿ ಒತ್ತುವುದು. ಅವಳ ಸ್ಕ್ರೀನಿನಲ್ಲಿ ಬಂದದ್ದನ್ನು ಅವನು ಒಂದೊಂದೇ ಅಕ್ಷರವಾಗಿ ನರೇಶನಿಗೆ ಓದುವುದು. ನಿಧಾನ. ಗಡಿಯಾರದ ಮುಳ್ಳು ನಾಲ್ಕು ದಾಟಿತು. ಹೊರಗಿನಿಂದ ಮುತ್ಯಾಲಮ್ಮ, ಹುಡುಗ ಬಂದನೇನೇ, ಎಂದು ಎರಡು ಸಲ ಕೂಗಿ ಕೇಳಿದಳು. ಮಗಳು ಅಲಂಕಾರ ಮಾಡಿಕೊಳ್ಳುತ್ತಿದ್ದಾಳೆ ಎಂದು ಸೊಸೆ ಎರಡು ಸಲವೂ ಹೇಳಿದಳು.

ಕನೆಕ್ಷನ್ನಿನ ಹೆಸರು ಹಾಕಿದರು. ಪಾಸ್‌ವರ್ಡ್ ಹಾಕಿದರು. ಆ ಒಂದು ದೀಪ ಹತ್ತಲಿಲ್ಲ. ಮತ್ತೆ ಹಾಕಿದರು. ಹತ್ತಲಿಲ್ಲ. ಹಲಗೆಯ ಅಂಚಿಗೆ ಗೋಡೆಯ ತೇವ ಏರಿ, ಕೊನೆಯಿಂದ ಎರಡನೆಯ ಅಕ್ಷರದ ಪೆನ್ಸಿಲ್ ಗುರುತು ಮಸುಕಾಗಿ ಹರಡಿತ್ತು. ಗಂಗುಲಪ್ಪ ಕನ್ನಡಕ ಒರೆಸಿಕೊಂಡು ನೋಡಿದ. ತಾನೇ ಬರೆದದ್ದು, ತನಗೇ ತಿಳಿಯುತ್ತಿಲ್ಲ.

ಶ್ರೀವಾಣಿ ಹಲಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಕಣ್ಣು ಮುಚ್ಚಿ, ತೋರುಬೆರಳಿನ ತುದಿಯನ್ನು ಆ ಮಸುಕಿನ ಮೇಲೆ ಮೆಲ್ಲಗೆ ಎಳೆದಳು. ಗಂಗುಲಪ್ಪ ಯಾವಾಗಲೂ ಒತ್ತಿ ಬರೆಯುವವನು, ಮರದಲ್ಲಿ ಗೀರು ಉಳಿದಿತ್ತು. ಬೆರಳು ಒಮ್ಮೆ ಇಳಿಯಿತು, ತಿರುಗಿತು, ಮೇಲೆ ಬಂತು. ಅವಳು ಕಣ್ಣು ತೆರೆದು ಗಾಳಿಯಲ್ಲಿ ಆರು ಎಂದು ಬರೆದು ತೋರಿಸಿದಳು. ಅವರು ಅದನ್ನು ಸೊನ್ನೆಯೆಂದು ಒತ್ತುತ್ತಿದ್ದರು.

ದೀಪ ಹತ್ತಿತು. ಹಸಿರು, ಸಣ್ಣದು, ಸಾಸಿವೆ ಕಾಳಿನಷ್ಟು.

ಇನ್ನು ವೈಫೈ. ಅದಿಲ್ಲದಿದ್ದರೆ ಈ ಕತ್ತಲ ಮೂಲೆ ಬಿಟ್ಟು ಕಂಪ್ಯೂಟರ್ ಅಲ್ಲಾಡುವಂತಿಲ್ಲ. ಕೈಮಾತಿಗೆ ಬೆಳಕು ಬೇಕು. ಮುತ್ಯಾಲಮ್ಮನ ಮಂಡಿ ಆಕೆಯನ್ನು ಜಗುಲಿಯಿಂದ ಏಳಲು ಬಿಡುವುದಿಲ್ಲ. ಪೆಟ್ಟಿಗೆ ಈಗ ತನ್ನ ಹೆಸರೆಂದು ಕಂಪನಿಯ ಯಾವುದೋ ಉದ್ದನೆಯ ನಂಬರನ್ನು ತೋರಿಸುತ್ತಿತ್ತು. ಏನು ಹೆಸರಿಡಬೇಕು ಕೇಳು ಎಂದ ನರೇಶ್. ಗಂಗುಲಪ್ಪ ಹಲಗೆಯ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿ, ಇದೇ ಇರಲೇ ಎಂದು ಹುಬ್ಬೇರಿಸಿದ. ಅವಳು ತಲೆಯಾಡಿಸಿ, ಅವನಿಗೆ ಆ ಅಕ್ಷರಗಳು ಕೂಡುವುದಿಲ್ಲ ಎಂದು ಆಗ ಹೊಳೆದಂತೆ, ಕ್ಯಾಲೆಂಡರಿನ ಮೇಲೆ ಅದನ್ನೇ ಕನ್ನಡದಲ್ಲಿ ಬರೆದಳು.

ಕಂಬ.

ಗಂಗುಲಪ್ಪ ಅದನ್ನು ಓದಿದ. ನರೇಶ್ ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದ. ಗಂಗುಲಪ್ಪ ಅದನ್ನು ಇನ್ನೊಮ್ಮೆ ಓದಿ, ಮೊದಲಿದ್ದ ಹೆಸರೇ ಇರಲಿ ಎಂದ.

ನಾಲ್ಕೂ ಹದಿನೆಂಟಕ್ಕೆ ಶ್ರೀವಾಣಿ ಕಂಪ್ಯೂಟರನ್ನು ಜಗುಲಿಗೆ ಹೊತ್ತು ತಂದು ಅಜ್ಜಿಯ ಮುಂದೆ ಮಣೆಯ ಮೇಲಿಟ್ಟಳು. ಚಿತ್ರ ನೀರಿನೊಳಗಿನ ಹಾಗೆ ಅಲುಗಿ ಅಲುಗಿ ನಿಂತಿತು. ಕೆಂಪು ಹೆಂಚಿನ ಧೂಳು ಇನ್ನೂ ಉಗುರಿನಿಂದ ಹೋಗದ ಒಬ್ಬ ಹುಡುಗ. ಇಸ್ತ್ರಿ ಮಾಡಿದ ಅಂಗಿ. ಮೊದಲು ಕೈಮುಗಿದ. ಆಮೇಲೆ ಶ್ರೀವಾಣಿಯ ಕೈಗಳು ಎದ್ದವು, ಅವನ ಕೈಗಳು ಎದ್ದವು. ನಾಲ್ಕು ಕೈಗಳು ಸದ್ದಿಲ್ಲದೆ ಹಾರಿದವು, ಇಳಿದವು, ಒಂದನ್ನೊಂದು ಕಾದವು. ಬಿಸಿಲು ಅವುಗಳ ಮೇಲೆ ಬೀಳುತ್ತಿತ್ತು.

ಮುತ್ಯಾಲಮ್ಮ ಬಹಳ ಹೊತ್ತು ನೋಡಿದಳು. ಮುನಿಯಲ್ಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಆಮೇಲೆ ಮುದುಕಿ ಎಣ್ಣೆಯಾಗಿದ್ದ ಬಲಗೈಯನ್ನು ಸೀರೆಗೆ ಒರೆಸಿಕೊಂಡು, ಐದು ಬೆರಳೂ ಕೂಡಿಸಿ ಬಾಯಿಯ ಹತ್ತಿರ ತಂದು ಸ್ಕ್ರೀನಿನ ಕಡೆ ಗಲ್ಲ ಎತ್ತಿದಳು.

"ತಿನ್ನಾವಾ?"

ಆಕೆ ತೆಲುಗಿನಲ್ಲಿ ಊಟವಾಯಿತೇ ಎಂದು ಕೇಳಿದ್ದು ಕೈಸನ್ನೆಯಿಂದಲೇ ಹುಡುಗನಿಗೆ ತಿಳಿಯಿತು. ಎರಡೂ ಕೈಯಿಂದ ಹೊಟ್ಟೆಯ ಮುಂದೆ ಒಂದು ದೊಡ್ಡ ಗುಡ್ಡ ಕಟ್ಟಿ ತೋರಿಸಿದ. ಹೋಳಿಗೆಯೆಂದು ಅಂಗೈಯಲ್ಲಿ ತಟ್ಟಿ ತೋರಿಸಿ, ನಾಲ್ಕು ಬೆರಳು ಎತ್ತಿದ. ಆಮೇಲೆ ಅವಳ ಕಡೆ ಬೆರಳು ಮಾಡಿ, ನೀವು, ಎಂದು ಹುಬ್ಬು ಹಾರಿಸಿದ. ಮುತ್ಯಾಲಮ್ಮ ಎರಡು ಬೆರಳು ತೋರಿಸಿ, ಹಲ್ಲಿಲ್ಲದ ಬಾಯಿ ತೆರೆದು ತೋರಿಸಿದಳು. ಹುಡುಗ ನಕ್ಕ. ಅವಳೂ ನಕ್ಕಳು. ಇಷ್ಟರಲ್ಲಿ ನಾಲ್ಕೂವರೆ ಆಯಿತು. ಶ್ರೀವಾಣಿ ಚಿತ್ರ ಆರಿಸಿದಳು.

"ಆ ಹುಡುಗನ್ ಕೈ ಸುಳ್ಳಾಡೋ ಕೈಯಲ್ಲ," ಎಂದಳು ಮುತ್ಯಾಲಮ್ಮ ಸೊಸೆಗೆ. "ನಿಮ್ಮಾವ ನಲವತ್ತು ವರ್ಷ ಮಾತಾಡಿದ್ರು. ಊಟ ಆಯ್ತಾ ಅಂತ ನನ್ನ ಒಂದಿನ ಕೇಳಿದ್ದಿಲ್ಲ. ದೊಡ್ಡವೆಂಕಟ ತೋಟದಿಂದ ಬರ್ಲಿ, ಮಾಲೂರ್ಗೆ ಹೋಗಿ ಬರಕ್ ಹೇಳು."

ಮುನಿಯಲ್ಲಮ್ಮ ಕಣ್ಣೊರೆಸಿಕೊಳ್ಳಲು ಒಳಗೆ ಹೋದಳು. ಗಂಗುಲಪ್ಪ ಹಲಗೆಯ ಎರಡು ತಾರೀಕುಗಳ ಕೆಳಗೆ ಅವತ್ತಿನ ತಾರೀಕನ್ನೂ ಬರೆದು ತಿರುಪು ಬಿಗಿದು, ಚೀಲ ಹೆಗಲಿಗೇರಿಸಿ ಹೊರಟ. ಜಗುಲಿ ದಾಟುವಾಗ ಮುದುಕಿ ಅವನ ಮುಖ ನೋಡದೆಯೇ ಕೇಳಿದಳು:

"ಊರಾಚೆ ಜಾಯಿಂಟು ಅಂದ್ಯಲ್ಲಪ್ಪ, ನೀನು ಮನೆ ಬಿಟ್ಟು ಆಚೇಗೇ ಹೋಗ್ಲಿಲ್ವಲ್ಲ."

ಅವನು ನಿಂತ.

"ಹೋಗ್ಲಿ ಬಿಡು. ಬರೋ ವರ್ಷ ಒಂದ್ ಬಾಳೆಹಣ್ಣು ಜಾಸ್ತಿ ತರಿಸ್ತೀನಿ," ಎಂದು ಅವಳು ಮತ್ತೆ ಮಂಡಿಗೆ ಎಣ್ಣೆ ತಿಕ್ಕತೊಡಗಿದಳು.

ಮಂಗಳವಾರ ಆಫೀಸಿನ ದೂರಿನ ರಿಜಿಸ್ಟರಿನಲ್ಲಿ ಗಂಗುಲಪ್ಪ ತನ್ನ ಕೊನೆಯ ನಮೂದನ್ನು ಬರೆದ. ದೋಷದ ಕಾರಣ ಎಂಬ ಅಂಕಣದಲ್ಲಿ 'ಊದುಬತ್ತಿ' ಎಂದು ಬರೆದು, ಮುಂದೆ 'ಸರಿಪಡಿಸಿದೆ' ಎಂದು ಸಹಿ ಮಾಡಿದ. ಒಂದು ಸುಳ್ಳಿಗೆ ಅಷ್ಟಾದರೂ ಪ್ರಾಯಶ್ಚಿತ್ತ ಬೇಕೆನ್ನಿಸಿತ್ತು.

ಆದರೆ ಅದು ಆಮೇಲಿನದು. ಆ ಭಾನುವಾರ ಅವನು ಮೊಪೆಡ್ ತಳ್ಳಿಕೊಂಡು ಬೀದಿಗೆ ಇಳಿದಾಗ ಶ್ರೀವಾಣಿ ಹಿಂದೆಯೇ ಬಂದಳು. ಮನೆಯೆದುರಿನ ಹಳೆಯ ಕಬ್ಬಿಣದ ಕಂಬ ಇನ್ನೂ ನಿಂತಿತ್ತು. ತಂತಿಗಳನ್ನು ಬಿಚ್ಚಿ ಆರು ವರ್ಷವಾಗಿತ್ತು, ಈಗ ಅದಕ್ಕೆ ಅವರೆ ಬಳ್ಳಿ ಹಬ್ಬಿಸಿದ್ದರು. ಅವಳು ಬಳ್ಳಿ ಸರಿಸಿ ಕಂಬದ ಮೇಲೆ ಅಂಗೈಯಿಟ್ಟಳು. ಗಂಗುಲಪ್ಪ ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ ಹತ್ತಿರ ಬಂದ. ಕಿವಿಯಿಡಲು ಬಾಗಿದವನು ತಡೆದು, ಅವಳ ಹಾಗೆಯೇ ಅಂಗೈಯಿಟ್ಟ.

ತಂತಿಯಿಲ್ಲದ ಕಂಬದಲ್ಲಿ ಏನಿರುತ್ತದೆ. ದಿನವಿಡೀ ಕಾದ ಬಿಸಿಲಿನ ಬಿಸಿ ಅಷ್ಟೇ. ತೋಟದ ಕಡೆಯಿಂದ ಗಾಳಿ ಬಂದು ಅವರೆಯ ಎಲೆಗಳು ಅಲುಗಿದವು. ಶ್ರೀವಾಣಿ ಕಣ್ಣು ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನ ಕಡೆ ತಿರುಗಿ, ಬರುತ್ತಿದೆ, ಕೇಳು, ಎನ್ನುವ ಹಾಗೆ ತಲೆಯಾಡಿಸಿದಳು.

ಗಂಗುಲಪ್ಪ ಕೈ ತೆಗೆಯಲಿಲ್ಲ.